ನಾಲ್ಕನೆಯ ಚೌಕ

ಖಾನಾಪುರ
೧೪ ಜನವರಿ ೨೦೨೪

ಅಲ್ಮಾಸಗೆ,

ಸಾಕ್ಷಿಯ ತಂದೆ ಗುರುಪುತ್ರಪ್ಪನ ಶರಣು. ಕ್ಷೇಮವಾಗಿದ್ದೇವೆ ಎಂದು ಮೊದಲ ಸಾಲು ಬರೆಯುವುದು ರೂಢಿ. ಅದನ್ನು ಬಿಟ್ಟು ಶುರು ಮಾಡುತ್ತೇನೆ, ನೀನು ತಪ್ಪು ತಿಳಿಯಲಾರೆ.

ಶಿವಬಸವ ನಗರದ ಅವಳ ಖೋಲಿಯಿಂದ ನೀನು ಕಳಿಸಿದ ಪೆಟ್ಟಿಗೆ ಬಂದು ಎರಡು ತಿಂಗಳಾಯಿತು. ನಿನ್ನೆ ತೆಗೆದೆವು. ಅಂದರೆ ನಾನು ತೆಗೆದೆ, ಅವಳ ತಾಯಿ ಪ್ರಮಿಳಾ ಬಾಗಿಲಲ್ಲಿ ನಿಂತಿದ್ದಳು. ನಾಲ್ಕು ಜೊತೆ ಬಟ್ಟೆ, ಒಂದು ಜಪಾನಿ ಪಾಠಪುಸ್ತಕ, ಕೋಲಿನಂಥ ಒಂದು ಬ್ಯಾಟರಿ ದೀಪ, ಒಂದು ಪೆನ್ನು, ಹಳದಿ ರಟ್ಟಿನ ಒಂದು ನೋಟ್‌ಬುಕ್ಕು. ನೋಟ್‌ಬುಕ್ಕಿನ ತುಂಬ ಜಪಾನಿ ಬರಹ. ಮೊದಲ ಹಾಳೆಯ ಮೇಲೆ ಅವಳ ಹೆಸರು ಕನ್ನಡದಲ್ಲಿದೆ, ನಾನು ಓದಬಲ್ಲದ್ದು ಅದೊಂದೇ.

ನಾನೂ ಸಾಕ್ಷಿಯೂ ಏಳು ತಿಂಗಳು ಮಾತಾಡಿರಲಿಲ್ಲ ಎಂಬುದು ನಿನಗೆ ಗೊತ್ತು. ನೀವಿಬ್ಬರೂ ಕಲಿತ ಟಿಳಕವಾಡಿಯ ಆ ಜಪಾನಿ ಕ್ಲಾಸಿಗೆ ಸೇರಿ ಜಪಾನಿನಲ್ಲಿ ಮುದುಕರ ಸೇವೆಯ ಕೆಲಸಕ್ಕೆ ಹೋಗುತ್ತೇನೆ ಎಂದಾಗ ನಾನು ಅಂದ ಮಾತನ್ನು ಆಕೆ ನಿನಗೆ ಹೇಳಿರಬೇಕು. "ಪರದೇಶದ ಮುದುಕರ ಹೊಲಸು ಬಳಿಯಾಕ ನಿನ್ನ ಸಾಲಿ ಕಲಿಸಿದ್ನೇನು" ಎಂದಿದ್ದೆ. ಸಿಟ್ಟಿನ ಭರದಲ್ಲಿ ಆಡಿದ ಮಾತಲ್ಲ, ಯೋಚಿಸಿಯೇ ಆಡಿದ್ದೆ. ಆಮೇಲೆ ಅಕ್ಟೋಬರಿನಲ್ಲಿ ಜ್ವರ ಬಂತು, ಎರಡು ದಿನದಲ್ಲಿ ಆಕೆ ಹೋದಳು.

ಈಗ ನನಗೆ ಒಂದೇ ಸಂಗತಿ ತಿಳಿಯಬೇಕು. ಆ ನೋಟ್‌ಬುಕ್ಕಿನಲ್ಲಿ ನನಗೆಂದು ಒಂದು ಸಾಲಾದರೂ ಇದೆಯೇ? ಬೈದಿದ್ದರೂ ಆಗಬಹುದು. ನೀನು ಓದಿ ಹೇಳುವುದು ಬೇಡ. ಮಗಳು ನನಗೆ ಏನಾದರೂ ಹೇಳಿದ್ದರೆ ಅದನ್ನು ಮತ್ತೊಬ್ಬರ ಬಾಯಿಂದ ಕೇಳಲಾರೆ. ನನಗೆ ಕಲಿಸು. ಫೋನನ್ನು ಮೇಲೆ ಹಿಡಿದರೆ ಅದೇ ಕನ್ನಡ ಮಾಡುತ್ತದಂತೆ, ನಮ್ಮ ಹಂಚು ಸುಡುವ ಭಟ್ಟಿಯ ಸಾತಪ್ಪ ಹೇಳಿದ. ನಾನು ಫೋನ್ ಮುಟ್ಟುವುದನ್ನು ಬಿಟ್ಟಿದ್ದೇನೆ. ಯಾಕೆ ಎಂಬುದು ನಿನಗೆ ಗೊತ್ತಿದೆ, ಪ್ರಮಿಳಾಗೆ ಗೊತ್ತಿಲ್ಲ. ಅವತ್ತು ನೀನು ನನಗೆ ಫೋನ್ ಮಾಡಿದ್ದನ್ನೇ ನಾನು ಅವಳಿಗೆ ಹೇಳಿಲ್ಲ. ಆದ್ದರಿಂದ ಹಂಚಿನ ಕಾರ್ಖಾನೆಯ ವಿಳಾಸಕ್ಕೆ ಬರೆ.

ನನಗೆ ಐವತ್ತೆಂಟು. ಹತ್ತನೆಯ ಇಯತ್ತೆ ಪಾಸಾದವನು. ಮೂವತ್ತೊಂದು ವರ್ಷ ಭಟ್ಟಿಯ ಮಿಸ್ತ್ರಿಯಾಗಿ ಬೆಂಕಿಯ ಬಣ್ಣ ನೋಡಿ ಶಾಖ ಹೇಳಿದವನಿಗೆ ನಾಲ್ಕು ಅಕ್ಷರ ಕಲಿಯುವುದು ಆಗದೇ ಹೋಗಲಿಕ್ಕಿಲ್ಲ.

ಗುರುಪುತ್ರಪ್ಪ


ಕ್ಯಾಂಪ್, ಬೆಳಗಾವಿ
೨ ಫೆಬ್ರುವರಿ ೨೦೨೪

ಕಾಕಾ ಅವರಿಗೆ,

ಅಲ್ಮಾಸಳ ಸಲಾಂ. ನಿಮ್ಮ ಪತ್ರ ನಮ್ಮ ಅಮ್ಮಿಯ ಕೈಗೆ ಸಿಕ್ಕಿತ್ತು. "ಇನ್ನಾ ಯಾರ್ ಕಾಗದಾ ಬರೀತಾರ" ಎಂದು ಹಿಂದೆ ಮುಂದೆ ತಿರುಗಿಸಿ ಕೊಟ್ಟಳು. ಉತ್ತರ ಬರೆಯಲು ಹದಿನೈದು ದಿನ ಬೇಕಾಯಿತು. ಬರೆಯುವುದೋ ಬೇಡವೋ ಎಂಬುದೇ ತಿಳಿಯಲಿಲ್ಲ.

ಕಲಿಸುತ್ತೇನೆ. ಅಕ್ಷರಗಳ ಪಟ್ಟಿ ಜೊತೆಗಿಟ್ಟಿದ್ದೇನೆ, ನಲವತ್ತಾರು ಇವೆ. ಅ ಇ ಉ ಎ ಒ, ಆಮೇಲೆ ಕ, ಸ, ತ, ನ ಎಂದು ನಮ್ಮ ಕಾಗುಣಿತದ ಹಾಗೇ ಸಾಲಾಗಿ ಬರುತ್ತವೆ. ಸಾಕ್ಷಿ ಚಿತ್ರದಂಥ ದೊಡ್ಡ ಅಕ್ಷರ ಬರೆದ ಕಡೆಯೆಲ್ಲ ಅದರ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಉಚ್ಚಾರವನ್ನೂ ಬರೆದಿದ್ದಾಳೆ. ಹಾಗಾಗಿ ಈ ನಲವತ್ತಾರು ಬಂದರೆ ಓದಲಿಕ್ಕಾಗುತ್ತದೆ.

ಇನ್ನು ಕ್ರಿಯಾಪದ. ನಮ್ಮಲ್ಲಿದ್ದ ಹಾಗೆ ಅವರಲ್ಲೂ ಅದು ವಾಕ್ಯದ ಕೊನೆಗೆ ಕೂರುತ್ತದೆ. ಕೊನೆಯವರೆಗೂ ಕಾದರೆ ಮಾತ್ರ ಹೌದೋ ಅಲ್ಲವೋ ಗೊತ್ತಾಗುತ್ತದೆ. ಮೊದಲು ನಾಲ್ಕು ರೂಪ ಕಲಿಯಿರಿ. ತಾಬೆಮಾಸು ಅಂದರೆ ತಿನ್ನುತ್ತಾರೆ, ತಾಬೆಮಾಸೆನ್ ಅಂದರೆ ತಿನ್ನುವುದಿಲ್ಲ, ತಾಬೆಮಾಶಿತಾ ಅಂದರೆ ತಿಂದರು, ತಾಬೆಮಾಸೆನ್ ದೆಶಿತಾ ಅಂದರೆ ತಿನ್ನಲಿಲ್ಲ. ನಮ್ಮ ಸೆನ್ಸೆ, ಅಂದರೆ ಮೇಡಂ, ಒಂದು ಗೆರೆಯಲ್ಲಿ ನಾಲ್ಕು ಚೌಕ ಹಾಕಿಸಿ ಬರೆಸುತ್ತಿದ್ದರು. ನೀವೂ ಹಾಗೇ ಬರೆಯಿರಿ. ಇಡೀ ಭಾಷೆಯಲ್ಲಿ ನಿಯಮ ಮೀರುವ ಕ್ರಿಯಾಪದ ಎರಡೇ, ಮಾಡು ಮತ್ತು ಬರು. ಅವು ಸದ್ಯಕ್ಕೆ ಬೇಡ. ನೋಟ್‌ಬುಕ್ಕಿನ ಕೊನೆಯ ಹಾಳೆಗಳೂ ಬೇಡ, ಅಲ್ಲಿ ಬರೀ ಮನೆಪಾಠವಿದೆ.

ಇನ್ನೊಂದು ಮಾತು. ಅವತ್ತಿನ ಫೋನಿನ ಬಗ್ಗೆ ನೀವು ಕೊರಗಬೇಡಿ. ಉರಿಯುವ ಭಟ್ಟಿ ಬಿಟ್ಟು ಬರಲಿಕ್ಕಾಗುವುದಿಲ್ಲ ಎಂದು ನೀವು ಹೇಳಿದಿರಿ, ನನಗೆ ಅರ್ಥವಾಗಿತ್ತು. ನಮ್ಮ ಅಬ್ಬಾ ಕೂಡ ಕೆಲಸದ ಮನುಷ್ಯ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ.

ನಿಮ್ಮ
ಅಲ್ಮಾಸ


ಖಾನಾಪುರ
೧೧ ಮಾರ್ಚ್ ೨೦೨೪

ಅಲ್ಮಾಸಗೆ,

ನಲವತ್ತಾರರಲ್ಲಿ ನಲವತ್ತು ಬಂದಿವೆ. ಉಳಿದ ಆರು ಒಂದರ ಹಾಗೆ ಇನ್ನೊಂದಿದ್ದು ನನ್ನನ್ನು ಆಡಿಸುತ್ತಿವೆ. ಒಣಗಲು ಇಟ್ಟ ಹಸಿ ಹಂಚಿನ ಮೇಲೆ ಮೊಳೆಯಿಂದ ಬರೆದು ಅಭ್ಯಾಸ ಮಾಡುತ್ತೇನೆ. ಮೊನ್ನೆ ಒಂದನ್ನು ಅಳಿಸಲು ಮರೆತೆ, ಅದು ಭಟ್ಟಿಗೆ ಹೋಗಿ ಸುಟ್ಟು ಬಂತು. ಯಾರ ಮನೆಯ ಸೂರಿನ ಮೇಲೋ "ತಿನ್ನಲಿಲ್ಲ" ಎಂದು ಜಪಾನಿಯಲ್ಲಿ ಕೂತಿರುತ್ತದೆ. ಸಾತಪ್ಪ ನನ್ನ ತಲೆ ಕೆಟ್ಟಿದೆ ಎಂದು ಕಾರ್ಖಾನೆಗೆಲ್ಲ ಹೇಳಿದ್ದಾನೆ. ಹೇಳಲಿ.

ಭಟ್ಟಿಯ ಬಗ್ಗೆ ನೀನು ಬರೆದದ್ದು ಓದಿದೆ. ಹೌದು, ಅದನ್ನು ಬಿಟ್ಟು ಹೋಗಲಿಕ್ಕಾಗುವುದಿಲ್ಲ. ಒಂದು ಕೋಣೆಯ ಹಂಚು ಬೇಯುತ್ತಿದ್ದರೆ ಮುಂದಿನದು ಬಿಸಿಯಾಗುತ್ತಿರುತ್ತದೆ, ಹಿಂದಿನದು ಆರುತ್ತಿರುತ್ತದೆ. ಮಳೆಗಾಲದಲ್ಲೂ ಒಂದಲ್ಲ ಒಂದು ಕೋಣೆ ಉರಿಯುತ್ತದೆ. ವರ್ಷಕ್ಕೊಮ್ಮೆ ಪೂಜೆಗೆಂದು ಪೂರ್ತಿ ಆರಿಸುತ್ತೇವೆ. ಅವತ್ತು ಸಾಕ್ಷಿ ಬರುತ್ತಿದ್ದಳು. ನಾಲ್ಕು ವರ್ಷದವಳಿದ್ದಾಗಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ತಣ್ಣಗಿನ ಕಮಾನಿನೊಳಗೆ ಹೊಕ್ಕು ಹಾಡುತ್ತಿದ್ದಳು. ಒಳಗೆ ದನಿ ದೊಡ್ಡದಾಗಿ ತಿರುಗಿ ಬರುತ್ತದೆ. "ಅಪ್ಪಾ, ನನ್ನ ಸಂಗಾಟ ಇನ್ನೊಬ್ಬಾಕಿ ಹಾಡಾಕತ್ತಾಳ" ಎನ್ನುತ್ತಿದ್ದಳು. ಆಗ ಹಾಡುವುದು ನನಗೆ ತಪ್ಪೆನಿಸಿರಲಿಲ್ಲ. ದೊಡ್ಡವಳಾಗಿ ತಿಳಿಯದ ಭಾಷೆಯಲ್ಲಿ ಹಾಡತೊಡಗಿದಾಗ ಅನಿಸಿತು.

ಆ ಕೋಲಿನಂಥ ದೀಪ ಏನು? ಗುಂಡಿ ಒತ್ತಿದರೆ ಹಳದಿಯಾಗಿ ಹತ್ತುತ್ತದೆ. ಓದಲು ಬೆಳಕು ಸಾಲದು, ದಾರಿಗೂ ಸಾಲದು. ಇದು ಯಾತಕ್ಕೆ?

ಗುರುಪುತ್ರಪ್ಪ


ಕ್ಯಾಂಪ್, ಬೆಳಗಾವಿ
೩೦ ಮಾರ್ಚ್ ೨೦೨೪

ಕಾಕಾ,

ಸೂರಿನ ಮೇಲಿನ ಹಂಚಿನ ಸುದ್ದಿ ಓದಿ ಬಹಳ ದಿನದ ಮೇಲೆ ನಕ್ಕೆ. ರಂಜಾನಿನ ರೋಜಾ ನಡೆದಿದೆ. ನಾನು ಒಬ್ಬಳೇ ನಗುವುದನ್ನು ಕಂಡು ಹಸಿವಿನಿಂದ ಹೀಗಾಗಿದೆ ಎಂದು ಅಮ್ಮಿ ತಿಳಿದಳು.

ಆ ದೀಪದ ಕತೆ ಹೇಳುತ್ತೇನೆ. ಜಪಾನಿನಲ್ಲಿ ಹುಡುಗಿಯರ ಹಾಡಿನ ಗುಂಪುಗಳಿವೆ. ನಮ್ಮ ಗುಂಪಿನ ಹೆಸರು ಅಮಾಗಾಸಾ, ಅಂದರೆ ಮಳೆಯ ಕೊಡೆ. ಏಳು ಜನ, ಏಳು ಬಣ್ಣ. ಕೇಳುವವರು ತಮ್ಮವಳು ಎಂದು ಒಬ್ಬಳನ್ನು ಆರಿಸಿಕೊಂಡು ಅವಳ ಬಣ್ಣದ ದೀಪ ಹಿಡಿದು ಬೀಸುತ್ತಾರೆ. ಹಾಡಿನ ನಡುವೆ ಇಂಥ ಜಾಗದಲ್ಲಿ ಅವಳ ಹೆಸರು ಕೂಗಬೇಕೆಂದು ಲೆಕ್ಕವಿದೆ, ತಪ್ಪಿದರೆ ಪಕ್ಕದವರು ನೋಡುತ್ತಾರೆ. ಸಾಕ್ಷಿಯವಳು ಮಿನೊರಿ, ಹಳದಿ. ನೋಡಲು ಅಷ್ಟೇನಿಲ್ಲ, ಯಾವಾಗಲೂ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. "ಆಕಿ ಅಪ್ಪಗೂ ಆಕಿ ಹಾಡೂದು ಸೇರೂದಿಲ್ಲಂತ, ಅದಕ್ಕ ಆಕಿ ನನ್ನಾಕಿ" ಎನ್ನುತ್ತಿದ್ದಳು ಸಾಕ್ಷಿ. ಇದನ್ನು ಬರೆಯಬಾರದಿತ್ತೇನೋ.

ಗುಂಪಿನಿಂದ ಒಬ್ಬಳು ಹೊರಟರೆ ಬಿಟ್ಟಳು ಎನ್ನುವುದಿಲ್ಲ, ಪದವಿ ಪಡೆದಳು ಎನ್ನುತ್ತಾರೆ. ಅವತ್ತು ಎಲ್ಲರೂ ತಮ್ಮ ತಮ್ಮ ಬಣ್ಣ ಆರಿಸಿ ಅವಳ ಬಣ್ಣ ಹಚ್ಚುತ್ತಾರೆ. ಹೋದ ಜೂನಿನಲ್ಲಿ ಮಿನೊರಿ ಪದವಿ ಪಡೆದ ದಿನ ಸಾಕ್ಷಿಯ ಖೋಲಿಯ ಕಿಟಕಿಗೆ ಕೌದಿ ಕಟ್ಟಿ, ಮಟಮಟ ಮಧ್ಯಾಹ್ನ ಕತ್ತಲೆ ಮಾಡಿಕೊಂಡು, ಫೋನಿನಲ್ಲಿ ನೋಡುತ್ತ ಇಬ್ಬರೂ ಹಳದಿ ದೀಪ ಬೀಸಿದೆವು. ಮನೆಯ ಮಾಲಕಿ ಬಂದು "ಏನ್ ಪೂಜಿ ನಡಸೀರಿ ಹುಡುಗ್ಯಾರಾ" ಎಂದು ಕೇಳಿದಳು. ಸಾಕ್ಷಿ ಅಳುತ್ತಿದ್ದಳು, ಉತ್ತರ ನಾನೇ ಕೊಟ್ಟೆ.

ಈ ತಿಂಗಳ ಪಾಠ ಮೂರು. ಮಾತ್ತೆ ಇರು ಅಂದರೆ ಕಾಯುತ್ತಿರುವುದು. ವಾಸುರೆನಾಯ್‌ದೆ ಅಂದರೆ ಮರೆಯಬೇಡ. ಕಾಯೆರಿತಾಯ್ ಅಂದರೆ ಮನೆಗೆ ಮರಳುವ ಆಸೆ. ಇವರ ಕ್ರಿಯಾಪದಕ್ಕೆ ಗಂಡು ಹೆಣ್ಣಿಲ್ಲ, ನಾನು ನೀನು ಎಂಬುದೂ ಇಲ್ಲ. ಕಾಯುತ್ತಿರುವವರು ಯಾರು ಎಂದು ಹೇಳುವುದೇ ಇಲ್ಲ, ಕೇಳಿದವರೇ ತಿಳಿದುಕೊಳ್ಳಬೇಕು.

ಅಲ್ಮಾಸ


ಖಾನಾಪುರ
೨೮ ಏಪ್ರಿಲ್ ೨೦೨೪

ತಂಗಿ ಅಲ್ಮಾಸ,

ಓದಿದೆ.

ಮೊದಲ ಹಾಳೆಗೆ ಒಂಬತ್ತು ದಿನ ಹಿಡಿಯಿತು. ಪಾಠಪುಸ್ತಕದ ಹಿಂದಿನ ಪದಗಳ ಪಟ್ಟಿ ಇಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿದೆ. "ನಿಲ್ದಾಣದ ಮೆಟ್ಟಿಲ ಮೇಲೆ ಕಾಯುತ್ತಿರುವೆ" ಎಂದಿದೆ. ಯಾರು ಎಂದು ಹೇಳುವುದಿಲ್ಲ ಎಂದು ನೀನು ಬರೆದಿದ್ದೆ. ನನಗೆ ಯಾರೂ ಹೇಳಬೇಕಾಗಿಲ್ಲ. ಅವಳು ಕಾಲೇಜಿಗೆ ಹೋಗುತ್ತಿದ್ದಾಗ ಸಂಜೆಯ ಗಾಡಿಗೆ ಇಳಿದು ಖಾನಾಪುರ ಸ್ಟೇಶನ್ನಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ನಾನು ಕೆಲಸ ಬಿಟ್ಟು ಸೈಕಲ್ ಮೋಟರ್ ತಂದು ಕರೆದೊಯ್ಯುತ್ತಿದ್ದೆ. ಒಂದೊಂದು ದಿನ ತಾಸುಗಟ್ಟಲೆ ಕಾಯಿಸಿದ್ದೇನೆ. ಮುಂದೆ, "ಬೈದ ದನಿಯನ್ನೂ ಮರೆಯಬೇಡ" ಎಂದಿದೆ. ಅದರ ಮುಂದೆ, "ಕೊಡೆ ಮಡಚಿ ಮನೆಗೆ ಮರಳುವ ಆಸೆ."

ಇದನ್ನು ಪ್ರಮಿಳಾಗೆ ಓದಿ ಹೇಳಿದೆ. ಮೊದಲು ಜಪಾನಿಯಲ್ಲಿ, ಆಮೇಲೆ ಕನ್ನಡದಲ್ಲಿ. ಅಕ್ಟೋಬರಿನಿಂದ ನಮ್ಮಿಬ್ಬರ ನಡುವೆ ಮಾತೆಂದರೆ ಉಪ್ಪು ಕೊಡು, ನೀರು ಕೊಡು ಎನ್ನುವಷ್ಟೇ. ಅವಳು ಕುಸಬಿ ಕಾಳು ಬಿಡಿಸುತ್ತ ಕೂತಿದ್ದಳು. ಕೈ ನಿಂತಿತು. "ಇನ್ನೊಮ್ಮೆ ಓದ್ರಿ" ಎಂದಳು. ಮತ್ತೆ ಓದಿದೆ. ಅವತ್ತು ನನ್ನ ಎದುರಿಗೆ ತಾಟು ಹಾಕಿಕೊಂಡು ಕೂತು ಉಂಡಳು. ಈಗ ದಿನಾ ಸಂಜೆ ಚಹಾದ ಹೊತ್ತಿಗೆ ಒಂದೆರಡು ಸಾಲು ಓದುತ್ತೇನೆ, ಅವಳು ಕಾಯುತ್ತಾಳೆ.

ಆಕೆ ನನ್ನನ್ನು ಮರೆತಿರಲಿಲ್ಲ. ನನಗೆ ಇಷ್ಟು ಸಾಕು. ನಿನ್ನ ಋಣ ನಾನು ತೀರಿಸಲಾರೆ ತಂಗಿ. ಇನ್ನೂ ನಲವತ್ತು ಹಾಳೆಗಳಿವೆ.

ನಿನ್ನ ಕಾಕಾ
ಗುರುಪುತ್ರಪ್ಪ


ಖಾನಾಪುರ
೬ ಜೂನ್ ೨೦೨೪

ಅಲ್ಮಾಸಗೆ,

ಪತ್ರವಿಲ್ಲ. ಎರಡು ಹಾಕಿದ್ದೆ, ಎರಡಕ್ಕೂ ಉತ್ತರವಿಲ್ಲ. ಕಾರ್ಖಾನೆಯ ಆಫೀಸಿನಲ್ಲಿ ದಿನಾ ಕೇಳುತ್ತೇನೆ, ಅವರೂ ಬೇಸತ್ತಿದ್ದಾರೆ.

ಹನ್ನೆರಡನೆಯ ಹಾಳೆಯಲ್ಲಿ ನಿಂತಿದ್ದೇನೆ. "ಏಳು ಜನರಲ್ಲಿ ನಾನೊಬ್ಬಳೇ ನೆನೆದೆ" ಎಂದಿದೆ. ಈ ಏಳು ಜನ ಯಾರು? ನಮ್ಮ ಮನೆಯಲ್ಲಿ ಮೂವರೇ ಇದ್ದೆವು. ಪ್ರಮಿಳಾಗೆ ಏನು ಹೇಳಲಿ?

ಜಪಾನಿ ಪರೀಕ್ಷೆ ಪಾಸಾದಿ, ನೀನೂ ಅಲ್ಲಿಗೆ ಹೋಗುವ ತಯಾರಿಯಲ್ಲಿದ್ದೀ ಎಂದು ಗೊತ್ತು. ಸಿಟ್ಟಿದ್ದರೆ ಸಿಟ್ಟಿದೆ ಎಂದು ಬರೆ. ಸಿಟ್ಟು ನನಗೆ ಹೊಸದಲ್ಲ.

ಗುರುಪುತ್ರಪ್ಪ


ಕ್ಯಾಂಪ್, ಬೆಳಗಾವಿ
೨೧ ಜುಲೈ ೨೦೨೪

ಕಾಕಾ,

ಆಗಸ್ಟ್ ಒಂಬತ್ತಕ್ಕೆ ಜಪಾನಿಗೆ ಹೊರಡುತ್ತೇನೆ. ಮುದುಕರ ಮನೆಯೊಂದರಲ್ಲಿ ಕೆಲಸ. ವಿಳಾಸ ಈ ಪತ್ರದ ಹಿಂದೆ ಬರೆದಿದ್ದೇನೆ. ಹೋಗುವ ಮೊದಲು ನಿಮಗೆ ಹೇಳದಿದ್ದರೆ ಮುಂದೆ ಯಾವತ್ತೂ ಹೇಳಲಾರೆ.

ನೀವು ಓದುತ್ತಿರುವುದು ಸಾಕ್ಷಿಯ ಮಾತಲ್ಲ. ಅವೆಲ್ಲ ಅಮಾಗಾಸಾದ ಹಾಡುಗಳು.

ಹಾಡು ಕೇಳಿ ಬರೆದುಕೊಳ್ಳುವುದು, ಅದರಲ್ಲಿನ ಕ್ರಿಯಾಪದಗಳನ್ನು ಹುಡುಕಿ ರೂಪ ಕಲಿಯುವುದು, ನಾವು ಕಲಿತದ್ದೇ ಹಾಗೆ. ನನ್ನ ಬಳಿಯೂ ಅಂಥದೇ ಒಂದು ನೋಟ್‌ಬುಕ್ಕಿದೆ, ಅದರಲ್ಲೂ ಅದೇ ಸಾಲುಗಳಿವೆ. ನಿಲ್ದಾಣದ ಮೆಟ್ಟಿಲು ಟೋಕಿಯೋದ ಯಾವುದೋ ಮೆಟ್ಟಿಲು. ಏಳು ಜನ ಆ ಏಳು ಹುಡುಗಿಯರು. ಕೊಡೆಯೂ ಅವರದೇ.

ಮೊದಲ ಪತ್ರ ಬಂದಾಗಲೇ ನನಗೆ ಇದು ಗೊತ್ತಿತ್ತು. ನೀವು ನಾಲ್ಕು ದಿನ ಅಕ್ಷರ ತಿದ್ದಿ, ಬೇಸರವಾಗಿ ಬಿಡುತ್ತೀರಿ ಎಂದುಕೊಂಡೆ. ನೀವು ಬಿಡಲಿಲ್ಲ. ಪ್ರಮಿಳಾ ಕಾಕು ಉಂಡರು ಎಂದು ನೀವು ಬರೆದ ದಿನದಿಂದ ನನಗೆ ಊಟ ಸೇರಲಿಲ್ಲ. ನಿಜ ಹೇಳಿದರೆ ನಿಮ್ಮ ಮನೆಯಲ್ಲಿ ಆಕೆ ಮತ್ತೊಮ್ಮೆ ಸಾಯುತ್ತಾಳೆ. ಹೇಳದಿದ್ದರೆ ಯಾರೋ ಬರೆದ ಹಾಡನ್ನು ನೀವು ಸಾಯುವವರೆಗೂ ಮಗಳೆಂದು ಓದುತ್ತೀರಿ. ನನಗೆ ಎರಡೂ ಬೇಡವಾಗಿತ್ತು. ಅದಕ್ಕೇ ಸುಮ್ಮನಿದ್ದೆ.

ನಿಮಗೆ ಅವಳದೇ ಮಾತು ಬೇಕಿತ್ತು. ನನ್ನ ಬಳಿ ಇರುವುದು ಕೊಡುತ್ತೇನೆ, ಬಹಳ ಇಲ್ಲ. ಅಕ್ಟೋಬರ್ ಇಪ್ಪತ್ಮೂರರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರು ಮನೆಯವರನ್ನು ಕರೆಸಿ ಎಂದರು. ನಾನು ವರಾಂಡಕ್ಕೆ ಬಂದು ನಿಮಗೆ ಫೋನ್ ಮಾಡಿದೆ. "ಕಾಕಾ, ಭಾಳ ಸೀರಿಯಸ್ ಐತ್ರಿ, ಈಗಿಂದೀಗ ಬರ್ರಿ" ಎಂದೆ. ನೀವು "ಭಟ್ಟಿ ಹಚ್ಚೇವಿ, ಬಿಟ್ಟು ಬರಾಕ ಆಗೂದಿಲ್ಲ" ಎಂದು ಇಟ್ಟಿರಿ. ಮತ್ತೆರಡು ಸಲ ಮಾಡಿದೆ, ಎತ್ತಲಿಲ್ಲ. ಒಳಗೆ ಹೋದಾಗ ಸಾಕ್ಷಿ ಎಚ್ಚರವಿದ್ದಳು. ದಿಂಬಿನ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಮನೆಪಾಠ ಬರೆಯುತ್ತಿದ್ದಳು. ಬೇಡ ಅಂದರೆ ಕೇಳುತ್ತಿರಲಿಲ್ಲ. "ಅಪ್ಪ ಏನಂದಾ?" ಎಂದಳು. ನಾನು, "ಭಟ್ಟಿ ಹಚ್ಯಾರಂತ, ಮುಗಿಸಿ ಬರ್ತಾರಂತ" ಎಂದೆ. ಮುಗಿಸಿ ಬರುತ್ತಾರೆ ಎಂಬುದನ್ನು ನಾನೇ ಸೇರಿಸಿದೆ. ಸಮಾಧಾನವಾಗಲಿ ಎಂದು.

ಆಕೆ ನನ್ನ ಮುಖ ನೋಡಿದಳು. "ಇವತ್ತ?" ಎಂದಳು. ಸ್ವಲ್ಪ ನಕ್ಕ ಹಾಗೆ ಮಾಡಿದಳು. ಆಮೇಲೆ ಪೆನ್ನು ಮುಚ್ಚಿ ಗೋಡೆಯ ಕಡೆ ತಿರುಗಿದಳು. ಆ ನಗು ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಮತ್ತೆ ಮಾತಾಡಲಿಲ್ಲ. ಬೆಳಗ್ಗೆ ಹೋದಳು.

ಕೊನೆಯ ಹಾಳೆಗಳನ್ನು ನೋಡಬೇಡಿ ಎಂದಿದ್ದೆ. ಈಗ ನೀವು ಓದಬಲ್ಲಿರಿ, ತಡೆಯುವ ಹಕ್ಕು ನನಗಿಲ್ಲ. ಕಾಕುಗೆ ಏನು ಹೇಳಬೇಕೆಂಬುದೂ ನಿಮಗೆ ಬಿಟ್ಟದ್ದು.

ನನ್ನನ್ನು ಮಾಫ್ ಮಾಡಿ.

ಅಲ್ಮಾಸ


ಖಾನಾಪುರ
೧೩ ಅಕ್ಟೋಬರ್ ೨೦೨೪

ತಂಗಿ ಅಲ್ಮಾಸ,

ಈ ಲಕೋಟೆಯ ಮೇಲಿನ ವಿಳಾಸವನ್ನು ನಾನೇ ಜಪಾನಿಯಲ್ಲಿ ಬರೆದಿದ್ದೇನೆ. ಅಂಚೆಯವರು ನಂಬಲಿಲ್ಲ, ಕೆಳಗೆ ಇಂಗ್ಲಿಷಿನಲ್ಲೂ ಬರೆಸಿಕೊಂಡರು.

ಮೂರು ತಿಂಗಳು ಉತ್ತರ ಬರೆಯಲಿಲ್ಲ. ಸಿಟ್ಟಿನಿಂದಲ್ಲ. ನಿನಗೆ ತಿಳಿಯದ ಒಂದು ಸಂಗತಿ ನಿನ್ನ ಪತ್ರದಲ್ಲಿಯೇ ಇತ್ತು, ಅದನ್ನು ಓದಿದ ಮೇಲೆ ನನ್ನ ಕೈ ಏಳಲಿಲ್ಲ.

ಹೋದ ವರ್ಷ ಅಕ್ಟೋಬರ್ ಇಪ್ಪತ್ಮೂರು ಖಂಡೆಪೂಜೆ, ಅಂದರೆ ದಸರೆಯ ಆಯುಧಪೂಜೆ. ವರ್ಷಕ್ಕೊಮ್ಮೆ ಭಟ್ಟಿ ಪೂರ್ತಿ ಆರಿಸುತ್ತೇವೆ ಎಂದು ನಿನಗೆ ಬರೆದಿದ್ದೆನಲ್ಲ, ಅದು ಆ ದಿನ. ಅವತ್ತು ಬೆಂಕಿ ಇರಲಿಲ್ಲ. ನೀನು ಫೋನ್ ಮಾಡಿದಾಗ ನಾನು ತಣ್ಣಗಿನ ಭಟ್ಟಿಯ ಬಾಯಿಗೆ ಕುಂಕುಮ ಹಚ್ಚಿ, ಎಲ್ಲರಿಗೂ ಪೇಡೆ ಹಂಚಿ, ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ. ಖಾನಾಪುರದಿಂದ ಬೆಳಗಾವಿಗೆ ಒಂದು ತಾಸಿನ ದಾರಿ. ಬಸ್ಸುಗಳು ಕಣ್ಣೆದುರಿಗೆ ಹೋಗುತ್ತಿದ್ದವು. ಜ್ವರವೆಂದರೆ ಎರಡು ದಿನದ್ದು, ಅವಳೇ ಸೋತು ಬರಲಿ, ಅಪ್ಪಾ ತಪ್ಪಾಯ್ತು ಎನ್ನಲಿ ಎಂದುಕೊಂಡೆ. ನಿನಗೆ ಹೇಳಲು ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಭಟ್ಟಿ. ಮೂವತ್ತೊಂದು ವರ್ಷ ಎಲ್ಲರಿಗೂ ಹೇಳಿದ ನೆಪ ಅದೇ. ನೀನು ನಂಬಿದಿ. ಆಕೆ ಹೇಗೆ ನಂಬುತ್ತಾಳೆ? ನಾಲ್ಕು ವರ್ಷದವಳಿದ್ದಾಗಿನಿಂದ ಅವಳು ತಪ್ಪಿಸಿದ ಮೊದಲ ಖಂಡೆಪೂಜೆ ಅದು. "ಇವತ್ತ?" ಎಂದು ಅವಳು ಕೇಳಿದ್ದು ಅದಕ್ಕೆ. ನಕ್ಕದ್ದೂ ಅದಕ್ಕೇ. ನಾನು ಸುಳ್ಳು ಹೇಳಿ ಬರಲಿಲ್ಲ ಎಂದು ತಿಳಿದೇ ನನ್ನ ಮಗಳು ಗೋಡೆಯ ಕಡೆ ತಿರುಗಿದಳು.

ಮೊನ್ನೆ ಮತ್ತೆ ಖಂಡೆಪೂಜೆ ಬಂತು. ಎಲ್ಲರೂ ಮನೆಗೆ ಹೋದ ಮೇಲೆ ಪ್ರಮಿಳಾಳನ್ನು ಕರೆದುಕೊಂಡು ಭಟ್ಟಿಯೊಳಗೆ ಹೋದೆ. ಒಳಗೆ ಹಗಲಲ್ಲೂ ಕತ್ತಲೆ. ಆ ಹಳದಿ ದೀಪ ಹಚ್ಚಿ ಇಟ್ಟಿಗೆಯ ಮೇಲೆ ನಿಲ್ಲಿಸಿದೆ. ಇಷ್ಟು ದಿನ ನಾನು ಓದಿದ್ದು ಮಗಳ ಮಾತಲ್ಲ, ಯಾರದೋ ಹಾಡು ಎಂದು ಹೇಳಿದೆ.

ಅವಳು, "ನನಗ ಗೊತ್ತಿತ್ರಿ" ಎಂದಳು.

ಪ್ರತಿ ಗುರುವಾರ ಮಧ್ಯಾಹ್ನ ಸಾಕ್ಷಿ ಪಕ್ಕದ ಮನೆಯ ಭರಮವ್ವನ ಫೋನಿಗೆ ಮಾಡಿ ತಾಯಿಯ ಜೊತೆ ಮಾತಾಡುತ್ತಿದ್ದಳಂತೆ. ಹಾಡುತ್ತಿದ್ದಳಂತೆ. ನಾನು ಓದಿದ ಮೊದಲ ಸಾಲಿಗೇ ಪ್ರಮಿಳಾಗೆ ಧಾಟಿ ನೆನಪಾಯಿತಂತೆ. "ಮತ್ತ್ಯಾಕ ಸುಮ್ನ ಕೇಳಿದಿ?" ಎಂದೆ. "ನೀವು ಆಕಿ ಹೆಸರು ಹಿಡದು ಮಾತಾಡಾಕತ್ತಿದ್ರಿ. ಅಷ್ಟ ಸಾಕಾಗಿತ್ತು" ಎಂದಳು. ಆಮೇಲೆ ಆ ಸಾಲನ್ನು ಮೆಲ್ಲಗೆ ಹಾಡಿದಳು. ಅರ್ಥ ತಿಳಿಯದೆ ಹಾಡಿದಳು, ಒಂದು ಅಕ್ಷರ ತಪ್ಪಲಿಲ್ಲ. ಕಮಾನಿನೊಳಗಿಂದ ದನಿ ತಿರುಗಿ ಬಂತು. ಇನ್ನೊಬ್ಬಾಕಿ ಹಾಡಾಕತ್ತಾಳ ಎಂದು ಯಾರೂ ಅನ್ನಲಿಲ್ಲ.

ಆಗ ಫೋನಿನ ಸಂಗತಿ ಹೇಳಿದೆ. ಅಲ್ಲಿಯೇ, ಅವತ್ತು ಕೂತ ಕಟ್ಟೆ ತೋರಿಸಿ ಹೇಳಿದೆ. ಅವಳು ಕೈಚಾಚಿ ಇಟ್ಟಿಗೆ ಮುಟ್ಟಿ ನೋಡಿದಳು. "ಇಷ್ಟ ತಣ್ಣಗಿತ್ತೇನ್ರಿ?" ಎಂದು ಕೇಳಿದಳು. ಹೌದು ಎಂದೆ. ಸೆರಗು ಹೊದ್ದು ಹೊರಗೆ ಹೋದಳು. ನಿನ್ನೆ ದಸರೆಯ ಬನ್ನಿ ಹಬ್ಬ. ಊರಿಗೆಲ್ಲ ಬನ್ನಿ ಎಲೆ ಕೊಟ್ಟಳು, ನನ್ನ ಮುಂದೆ ಮಾತ್ರ ಕೈ ಚಾಚಲಿಲ್ಲ. ಚಹಾ ಇಟ್ಟು ಹೋಗುತ್ತಾಳೆ, ಓದು ಎನ್ನುವುದಿಲ್ಲ. ಇನ್ನು ಅನ್ನುವುದೂ ಇಲ್ಲ.

ಕೊನೆಯ ಹಾಳೆಗಳನ್ನು ಓದಿದೆ. ನಿಮ್ಮ ಮೇಡಂ ಯಾರಾದರೂ ಒಬ್ಬರ ಬಗ್ಗೆಯೇ ಎಲ್ಲ ಕ್ರಿಯಾಪದವನ್ನೂ ಬರೆಯಲು ಹೇಳಿದ್ದರೇ? ಎಲ್ಲ ಗೆರೆಯೂ ಚಿಚಿ ಎಂದು ಶುರುವಾಗುತ್ತದೆ. ಚಿಚಿ ಅಂದರೆ ನನ್ನಪ್ಪ. ಅಪ್ಪ ತಿನ್ನುತ್ತಾರೆ, ತಿನ್ನುವುದಿಲ್ಲ, ತಿಂದರು, ತಿನ್ನಲಿಲ್ಲ. ಅಪ್ಪ ಹಾಡು ಕೇಳುತ್ತಾರೆ, ಕೇಳುವುದಿಲ್ಲ, ಕೇಳಿದರು, ಕೇಳಲಿಲ್ಲ. ಸ್ಕೇಲಿನಿಂದ ಗೆರೆ ಹಾಕಿ ಹತ್ತೊಂಬತ್ತು ಕ್ರಿಯಾಪದ ಬರೆದಿದ್ದಾಳೆ. ಇಡೀ ನೋಟ್‌ಬುಕ್ಕಿನಲ್ಲಿ ಅವಳ ಸ್ವಂತ ಮಾತು ಇವಿಷ್ಟೇ, ಎಲ್ಲವೂ ನನ್ನ ಬಗ್ಗೆಯೇ. ನಾನು ಕೇಳಿದ್ದು ಸಿಕ್ಕಿತು.

ಇಪ್ಪತ್ತನೆಯದು ಬರು. ಸದ್ಯಕ್ಕೆ ಬೇಡ ಎಂದು ನೀನು ಅದನ್ನು ನನಗೆ ಕಲಿಸದೆ ಬಿಟ್ಟೆ, ಯಾಕೆಂದು ಈಗ ತಿಳಿಯಿತು. ಪಾಠಪುಸ್ತಕ ನೋಡಿ ಕಲಿತೆ. ಅಲ್ಲಿ ಅವಳ ಅಕ್ಷರ ಗೆರೆ ಬಿಟ್ಟು ಓಡಾಡಿದೆ, ಜ್ವರ ಇತ್ತಲ್ಲ. ಅಪ್ಪ ಬರುತ್ತಾರೆ. ಅಪ್ಪ ಬರುವುದಿಲ್ಲ. ಅಪ್ಪ ಬಂದರು. ನಾಲ್ಕನೆಯ ಚೌಕ ಖಾಲಿ ಇದೆ. ನೀನು ವರಾಂಡದಿಂದ ಒಳಗೆ ಬಂದದ್ದು ಆ ಹೊತ್ತಿಗೇ ಇರಬೇಕು.

ನಿನ್ನೆ ಬೆಳಗ್ಗೆ, ಹೋದ ವರ್ಷ ಸಾಕ್ಷಿ ತೀರಿಕೊಂಡ ಹೊತ್ತಿಗೆ ಕೂತು, ಆ ಚೌಕವನ್ನು ನಾನೇ ತುಂಬಿದೆ. ಪೆನ್ಸಿಲಿನಲ್ಲಿ ಅಲ್ಲ, ಅವಳದೇ ಪೆನ್ನಿನಲ್ಲಿ. ಅದರ ನಕಲು ಈ ಪತ್ರದ ಕೆಳಗೆ ಬರೆದಿದ್ದೇನೆ. ಅಕ್ಷರ ತಪ್ಪಿದ್ದರೆ ತಿದ್ದಿ ಕಳಿಸು. ಇದೊಂದನ್ನಾದರೂ ನಾನು ಸರಿಯಾಗಿ ಬರೆಯಬೇಕು.

ಚಿಚಿ ವಾ ಕಿಮಾಸೆನ್ ದೆಶಿತಾ.

ಗುರುಪುತ್ರಪ್ಪ